ದುರಸ್ತಿಯ ನಂತರ ಹೈಬ್ರಿಡ್ ಕಾರು ‘ರೆಡಿ’ ಆಗದಿದ್ದರೆ ದೋಷವನ್ನು ಹುಡುಕುವ ಬಗೆ

ಬ್ರೇಕ್ ಪ್ಯಾಡ್ ಬದಲಿಸಲೆಂದೋ, ಎ.ಸಿ. ಗ್ಯಾಸ್ ತುಂಬಿಸಲೆಂದೋ, ಪೆಟ್ಟು ತಿಂದ ಬಂಪರಿಗೆ ಟಿಂಕರಿಂಗ್ ಮಾಡಿಸಲೆಂದೋ ತಾನಾಗಿಯೇ ಓಡಿಕೊಂಡು ಗ್ಯಾರೇಜಿಗೆ ಹೋದ ಹೈಬ್ರಿಡ್ ಕಾರು, ಕೆಲಸ ಮುಗಿದ ಮೇಲೆ ಪವರ್ ಗುಂಡಿ ಒತ್ತಿದರೂ ಓಡಲು ಸಿದ್ಧ ಎನ್ನುವ ‘ರೆಡಿ’ ದೀಪ ಹೊತ್ತಿಸದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನವನ್ನು ತೋರಿಸುತ್ತಾ ನಿಂತುಬಿಡುವುದುಂಟು. ಆಗ ಮಾಲೀಕರ ಕಿವಿಗೆ ಮೊದಲು ಬೀಳುವ ಮಾತು ‘ದೊಡ್ಡ ಬ್ಯಾಟರಿ ಹೋಗಿದೆ’ ಎಂಬುದು. ಅದನ್ನು ಕೂಡಲೇ ನಂಬಬೇಕಾಗಿಲ್ಲ. ನಿನ್ನೆಯವರೆಗೆ ಸರಿಯಿದ್ದ ಕಾರು ಇವತ್ತು ಬಿಚ್ಚಿ ಜೋಡಿಸಿದ ಮೇಲೆ ಕೆಟ್ಟಿದೆಯೆಂದರೆ, ಕೈ ಆಡಿದ ಜಾಗದಲ್ಲೇ ಏನೋ ಹೆಚ್ಚುಕಡಿಮೆಯಾಗಿದೆಯೆಂದು ಊಹಿಸಿ ಅಲ್ಲಿಂದ ಹುಡುಕಾಟ ಆರಂಭಿಸುವುದು ನ್ಯಾಯ. ಪರಿಚಿತರೊಬ್ಬರ ಎರಡನೇ ಪೀಳಿಗೆಯ ಪ್ರಿಯಸ್‌ಗೆ ಹೊಸ ಬ್ಯಾಟರಿ ಪ್ಯಾಕ್ ಹಾಕಿಸಬೇಕೆಂದು ಒಂದು ಗ್ಯಾರೇಜಿನವರು ಅಂದಾಜು ಪಟ್ಟಿಯನ್ನೇ ಬರೆದುಕೊಟ್ಟಿದ್ದರು. ಕೊನೆಗೆ ನೋಡಿದರೆ, ದುರಸ್ತಿಯ ಹೊತ್ತಿನಲ್ಲಿ ದೊಡ್ಡ ಬ್ಯಾಟರಿಯ ಸರಣಿಯನ್ನು ಕಡಿಯಲು ಕೀಳುವ ಸರ್ವೀಸ್ ಪ್ಲಗ್ಗಿನ ಹಿಡಿಯನ್ನು ಒಂದೆರಡು ಸೆಂಟಿಮೀಟರ್ ಕೆಳಕ್ಕೆ ಸರಿಸುವುದೊಂದು ಬಾಕಿಯಿತ್ತು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಮುಖ್ಯವಾಗಿ ಟೊಯೋಟಾ ಪ್ರಿಯಸ್‌ನ ಎರಡನೇ ಮತ್ತು ಮೂರನೇ ಪೀಳಿಗೆಯ ಕಾರುಗಳನ್ನು, ಅಂದರೆ ಕ್ರಮವಾಗಿ 2003 ಮತ್ತು 2009ರಿಂದ ಮಾರುಕಟ್ಟೆಗೆ ಬಂದವುಗಳನ್ನು. ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳುವ ಕನ್ನಡಿಗರಿಗೆ ಇವು ಪರಿಚಿತ. ನಮ್ಮ ಬಿಡದಿಯ ಕಾರ್ಖಾನೆಯಿಂದ 2013ರಲ್ಲಿ ಹೊರಬಂದ ಕ್ಯಾಮ್ರಿ ಹೈಬ್ರಿಡ್‌ನಲ್ಲೂ, ಆಮೇಲೆ ಅಲ್ಲಿಯೇ ತಯಾರಾಗುತ್ತಿರುವ ಹೈರೈಡರ್ ಮತ್ತು ಇನೋವಾ ಹೈಕ್ರಾಸ್‌ಗಳಲ್ಲೂ ಇರುವುದು ಅದೇ ವಂಶದ ತಂತ್ರ. ಬಿಡಿಭಾಗಗಳ ಜಾಗ ಮತ್ತು ವೋಲ್ಟೇಜ್ ಬೇರೆಯಾಗಬಹುದು, ಹುಡುಕುವ ಕ್ರಮ ಬೇರೆಯಾಗುವುದಿಲ್ಲ; ಜಾಗಗಳಿಗೆ ನಿಮ್ಮ ಕಾರಿನ ಕೈಪಿಡಿಯನ್ನೇ ಪ್ರಮಾಣವಾಗಿಟ್ಟುಕೊಳ್ಳಿ.

ಕಿತ್ತಳೆ ಬಣ್ಣದ ಗಡಿ

ಹೈಬ್ರಿಡ್ ಕಾರಿನಲ್ಲಿ ಎರಡು ವಿದ್ಯುತ್ ಲೋಕಗಳಿವೆ. ಒಂದು, ದೀಪ, ಹಾರ್ನ್, ಕಂಪ್ಯೂಟರುಗಳನ್ನು ನಡೆಸುವ 12 ವೋಲ್ಟ್‌ನದು. ಇದರ ಋಣ ಧ್ರುವ ಎಲ್ಲ ಕಾರುಗಳಲ್ಲಿರುವಂತೆ ಕಾರಿನ ಲೋಹದ ಮೈಗೆ, ಅಂದರೆ ‘ಬಾಡಿ’ಗೆ, ಸೇರಿ ಅರ್ಥ್ ಆಗಿರುತ್ತದೆ. ಇನ್ನೊಂದು, ಮೋಟಾರುಗಳನ್ನು ನಡೆಸುವ ಹೈ ವೋಲ್ಟೇಜ್ ಲೋಕ. ಮೇಲೆ ಹೇಳಿದ ಎರಡೂ ಪ್ರಿಯಸ್‌ಗಳಲ್ಲಿ ತಲಾ ಆರು ಕೋಶಗಳ 28 ಮಾಡ್ಯೂಲುಗಳು ಸರಣಿಯಲ್ಲಿ ಸೇರಿ 201.6 ವೋಲ್ಟ್ ಕೊಡುತ್ತವೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರಿನ ಒಳಗೆ ಅದು ಎರಡನೇ ಪೀಳಿಗೆಯಲ್ಲಿ 500 ವೋಲ್ಟ್‌ವರೆಗೆ, ಮೂರನೇ ಪೀಳಿಗೆಯಲ್ಲಿ 650 ವೋಲ್ಟ್‌ವರೆಗೆ ಏರುತ್ತದೆ. ಈ ಲೋಕ ಬಾಡಿಗೆ ಎಲ್ಲಿಯೂ ತಾಗಿರುವುದಿಲ್ಲ, ತಾಗಲೂಬಾರದು. ಅದರ ವೈರುಗಳಿಗೆಲ್ಲ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ.

ಮನೆಯ ಮುಂದೆ ಮಲ್ಟಿಮೀಟರ್ ಹಿಡಿದು ನಿಂತವರಿಗೆ ಆ ಬಣ್ಣವೇ ಗಡಿ. ಕಿತ್ತಳೆ ಬಣ್ಣದ ವೈರನ್ನಾಗಲಿ, ಅದು ಹೋಗಿ ಸೇರುವ ಪೆಟ್ಟಿಗೆಯ ಮುಚ್ಚಳವನ್ನಾಗಲಿ ಬಿಚ್ಚಬೇಕಾದ ಕೆಲಸ ತರಬೇತಿ ಪಡೆದವರದು. ಅವರೂ ಕಾರನ್ನು ಆಫ್ ಮಾಡಿ, ಕೀಲಿಯನ್ನು ದೂರವಿಟ್ಟು, 12 ವೋಲ್ಟ್ ಬ್ಯಾಟರಿಯ ಋಣ ಧ್ರುವದ ವೈರು ಬಿಚ್ಚಿ, 1,000 ವೋಲ್ಟ್‌ಗೆ ತಾಳುವ, ತೂತಿಲ್ಲವೆಂದು ಊದಿ ನೋಡಿದ ಕೈಗವಸು ಹಾಕಿಕೊಂಡು ಸರ್ವೀಸ್ ಪ್ಲಗ್ ಕಿತ್ತು, ಇನ್ವರ್ಟರಿನಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ಖಾಲಿಯಾಗಲೆಂದು 10 ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು. ಪ್ಲಗ್ ಕಿತ್ತರೆ ಬ್ಯಾಟರಿ ಸಾಯುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಅದು ಸರಣಿಯನ್ನು ನಡುವೆ ತುಂಡರಿಸುತ್ತದೆ ಅಷ್ಟೆ. ಎರಡೂ ತುಂಡುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಹಾಗೆಯೇ ಉಳಿದಿರುತ್ತದೆ.

ಸಮಾಧಾನದ ಸಂಗತಿಯೆಂದರೆ, ದುರಸ್ತಿಯ ಬೆನ್ನಿಗೇ ಬರುವ ದೋಷಗಳಲ್ಲಿ ಬಹಳಷ್ಟು ಈ ಗಡಿಯ ಈಚೆ ಬದಿಯಲ್ಲೇ ಸಿಗುತ್ತವೆ.

ಮೀಟರಿಗಿಂತ ಮೊದಲು ಪ್ರಶ್ನೆ

ಹುಡುಕುವ ಮೊದಲು ಕೆಲಸ ಮಾಡಿದ ಮೆಕ್ಯಾನಿಕ್ಕನ್ನು ಸಮಾಧಾನವಾಗಿ ಕೂರಿಸಿಕೊಂಡು, ಏನು ಬದಲಿಸಿದಿರಿ ಎಂದಲ್ಲ, ಏನೇನು ಬಿಚ್ಚಿದಿರಿ ಎಂದು ಕೇಳಿ ಬರೆದುಕೊಳ್ಳಿ. ಬಿಲ್ಲಿನಲ್ಲಿ ಬದಲಿಸಿದ್ದು ಮಾತ್ರ ಇರುತ್ತದೆ. ಬಂಪರ್ ತೆಗೆಯಲು ಯಾವ ಕನೆಕ್ಟರ್ ಕಳಚಿದರು, ವೆಲ್ಡಿಂಗ್ ಮಾಡುವಾಗ ಬ್ಯಾಟರಿ ವೈರು ಬಿಚ್ಚಿದ್ದರೇ, ಬ್ಯಾಟರಿ ಇಳಿದುಹೋಗಿತ್ತೆಂದು ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟರೇ, ಕೊಟ್ಟಿದ್ದರೆ ಕೆಂಪು ಕಪ್ಪು ಅದಲುಬದಲಾಗಿತ್ತೇ ಎಂಬುದೊಂದೂ ಅಲ್ಲಿ ಇರುವುದಿಲ್ಲ. ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಅದನ್ನು ದೂರುವ ದನಿಯಲ್ಲಿ ಕೇಳದಿರುವುದು ಒಳ್ಳೆಯದು.

ದೋಷ ಯಾವಾಗ ಕಾಣಿಸಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಜೋಡಿಸಿದ ಕೂಡಲೇ ಕಂಡರೆ ಕೂಡಿಸದೆ ಬಿಟ್ಟ ಕನೆಕ್ಟರ್, ಸುಟ್ಟ ಫ್ಯೂಸ್ ಇಂಥವು ಮೊದಲ ಅನುಮಾನಕ್ಕೆ ಬರುತ್ತವೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಕಂಡರೆ ಕೂಲಂಟ್, ಫ್ಯಾನ್, ಸಡಿಲವಾದ ನಟ್ಟುಗಳ ಕಡೆ ಗಮನ ಹರಿಸಬೇಕು. ಎರಡು ದಿನ ನಿಲ್ಲಿಸಿದ ಮೇಲೆ ಮಾತ್ರ ಕಂಡರೆ 12 ವೋಲ್ಟ್ ಬ್ಯಾಟರಿಯನ್ನು ಯಾವುದೋ ಒಂದು ಉಪಕರಣ ಕದ್ದು ಹೀರುತ್ತಿರುತ್ತದೆ. ಮಳೆಯಲ್ಲಿ ಅಥವಾ ನೀರು ಹಾಕಿ ತೊಳೆದ ಮೇಲೆ ಕಂಡರೆ ಸರಿಯಾಗಿ ಕೂರದ ರಬ್ಬರ್ ಸೀಲನ್ನು ನೋಡಬೇಕು.

ಚಿಕ್ಕ ಬ್ಯಾಟರಿ

ಹೈಬ್ರಿಡ್ ಕಾರಿನ 12 ವೋಲ್ಟ್ ಬ್ಯಾಟರಿ ಎಂಜಿನ್ ತಿರುಗಿಸುವುದಿಲ್ಲ. ಆ ಕೆಲಸವನ್ನು ದೊಡ್ಡ ಬ್ಯಾಟರಿಯಿಂದ ಶಕ್ತಿ ಪಡೆದ ಮೋಟಾರ್ ಜನರೇಟರ್ ಮಾಡುತ್ತದೆ. ಚಿಕ್ಕದರ ಕೆಲಸ ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯನ್ನು ಇನ್ವರ್ಟರಿಗೆ ಸೇರಿಸುವ ಮುಖ್ಯ ರಿಲೇಗಳೆಂಬ ಸ್ವಿಚ್ಚುಗಳನ್ನು ಮುಚ್ಚಿ ಸಂಪರ್ಕ ಕೂಡಿಸುವುದು. ಆದ್ದರಿಂದ ಸಾಮಾನ್ಯ ಕಾರಿನಲ್ಲಿ ಬ್ಯಾಟರಿ ಇಳಿದಾಗ ಕೇಳುವ ‘ಗರ್ ಗರ್’ ಸದ್ದು ಇಲ್ಲಿ ಕೇಳುವುದೇ ಇಲ್ಲ. ಅದರ ಬದಲು ಹತ್ತಾರು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ವರದಿಯಾಗುತ್ತವೆ, ಬ್ರೇಕ್ ಕಂಪ್ಯೂಟರ್ ಒಂದು ಹೇಳಿದರೆ ಸ್ಟಿಯರಿಂಗ್ ಇನ್ನೊಂದು ಹೇಳುತ್ತದೆ. ವೋಲ್ಟೇಜ್ ಕುಸಿದಾಗ ಕಂಪ್ಯೂಟರುಗಳು ಆಡುವ ಈ ತೊದಲು ಮಾತನ್ನೇ ನಿಜವೆಂದು ನಂಬಿ ಬಿಡಿಭಾಗ ಬದಲಿಸುತ್ತಾ ಹೋದವರ ಜೇಬು ಖಾಲಿಯಾಗಿದೆ.

ಕಾರು ಆಫ್ ಆಗಿ ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯ ಧ್ರುವಗಳ ಮೇಲೆಯೇ ಮೀಟರಿನ ಕಡ್ಡಿಗಳನ್ನಿಟ್ಟು ಅಳೆಯಿರಿ. 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.8ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ. ಆಮೇಲೆ ಬ್ರೇಕ್ ತುಳಿಯದೆ ಪವರ್ ಗುಂಡಿಯನ್ನು ಎರಡು ಬಾರಿ ಒತ್ತಿ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ. ಒಂದೆರಡು ನಿಮಿಷದಲ್ಲೇ 11ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿಗೆ ಭಾರ ಹೊರುವ ಶಕ್ತಿ ಉಳಿದಿಲ್ಲ. ದುರಸ್ತಿಯ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು, ಒಳದೀಪ ಉರಿಯುತ್ತಾ ಎರಡು ಮೂರು ದಿನ ನಿಂತ ಕಾರಿನಲ್ಲಿ ಇದು ತೀರ ಸಾಮಾನ್ಯ. ಈ ಬ್ಯಾಟರಿ ಗಾತ್ರದಲ್ಲಿ ಚಿಕ್ಕದಾದ್ದರಿಂದ ಐದು ಆಂಪಿಯರ್ ಮೀರದಂತೆ ನಿಧಾನವಾಗಿ ಚಾರ್ಜ್ ಮಾಡಬೇಕು. ಲಾರಿ ಬ್ಯಾಟರಿಗಿಡುವ ಚಾರ್ಜರ್ ಇಲ್ಲಿ ಸಲ್ಲದು.

ಪ್ರಿಯಸ್‌ನಲ್ಲಿ ಈ ಬ್ಯಾಟರಿ ಡಿಕ್ಕಿಯ ಬಲಮೂಲೆಯಲ್ಲಿದೆ. ಎರಡನೇ ಪೀಳಿಗೆಯಲ್ಲಿ ಡಿಕ್ಕಿಯ ಬೀಗವೇ ವಿದ್ಯುತ್ತಿನದಾದ್ದರಿಂದ, ಬ್ಯಾಟರಿ ಸತ್ತರೆ ಬ್ಯಾಟರಿಯ ಬಳಿಗೆ ಹೋಗುವ ಬಾಗಿಲೂ ತೆರೆಯದು! ಅದಕ್ಕೆಂದೇ ಬಾನೆಟ್ಟಿನ ಅಡಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಕೆಂಪು ಮುಚ್ಚಳದ ಜಂಪ್ ಟರ್ಮಿನಲ್ ಕೊಟ್ಟಿದ್ದಾರೆ. ಇಲ್ಲಿ ಧನ ಋಣಗಳನ್ನು ತಿರುವುಮುರುವಾಗಿ ಕೊಟ್ಟರೆ ‘ಮೇನ್’ ಅಥವಾ ‘ಡಿಸಿ/ಡಿಸಿ’ ಎಂದು ಬರೆದ ದೊಡ್ಡ ಫ್ಯೂಸ್ ಹಾರುತ್ತದೆ. ಅದೃಷ್ಟ ಕೆಟ್ಟರೆ ಕಂಪ್ಯೂಟರುಗಳೂ ಸುಡುತ್ತವೆ. ಕಣ್ಣಿಗೆ ಸರಿಯಾಗಿ ಕಂಡರೂ ಒಳಗೆ ಬಿರಿದ ಫ್ಯೂಸುಗಳಿರುವುದರಿಂದ, ಎರಡೂ ತುದಿಗಳಲ್ಲಿ ವೋಲ್ಟೇಜ್ ಇದೆಯೇ ಎಂದು ಅಳೆದೇ ತೀರ್ಮಾನಿಸಬೇಕು.

ಹೊಸ ಬ್ಯಾಟರಿ ಹಾಕಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಟರ್ಮಿನಲ್ಲನ್ನು ಕೈಯಿಂದ ತಿರುಗಿಸಿ ನೋಡಿ. ಪ್ರಿಯಸ್‌ನ ಮೂಲ ಬ್ಯಾಟರಿಯ ಧ್ರುವಗಳು ಜಪಾನಿನ ಅಳತೆಯ ಸಪೂರ ಧ್ರುವಗಳು. ದಪ್ಪ ಧ್ರುವದ ಬ್ಯಾಟರಿಗೆಂದು ಹಿಗ್ಗಿಸಿದ ಕ್ಲ್ಯಾಂಪ್ ಸಪೂರ ಧ್ರುವವನ್ನು ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ. ಬ್ಯಾಟರಿಯ ಅನಿಲವನ್ನು ಸಾಗಿಸುವ ಗಾಳಿಕೊಳವೆ ಹೊರಗೆ ಹೋಗುವಂತೆ ಸೇರಿಸಿದ್ದಾರೆಯೇ ಎಂದೂ ನೋಡಬೇಕು. ಬ್ಯಾಟರಿ ಇರುವುದು ಜನ ಕೂರುವ ಜಾಗದ ಹಿಂದೆಯೇ.

ಕಾರು ‘ರೆಡಿ’ ಆಗುವುದಾದರೆ ಇನ್ನೊಂದು ಅಳತೆ ಬಾಕಿಯಿದೆ. ಹೈಬ್ರಿಡ್ ಕಾರಿಗೆ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಚಿಕ್ಕದನ್ನು ತುಂಬುವುದು ಡಿಸಿ/ಡಿಸಿ ಪರಿವರ್ತಕ. ‘ರೆಡಿ’ ಆದ ಮೇಲೆ ಚಿಕ್ಕ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಕಾಣಬೇಕು. ಇನ್ನೂ 12ರಲ್ಲೇ ನಿಂತಿದ್ದರೆ ಪರಿವರ್ತಕ ಕೆಟ್ಟಿತೆನ್ನುವ ಮೊದಲು ಅದರ ಫ್ಯೂಸ್ ನೋಡಿ. ಫ್ಯೂಸಿನ ಬೆಲೆಗೂ ಪರಿವರ್ತಕದ ಬೆಲೆಗೂ ಅಜಗಜಾಂತರ.

ಪೂರ್ತಿ ಕೂರದ ಪ್ಲಗ್

ಚಿಕ್ಕ ಬ್ಯಾಟರಿ ಸರಿಯಿದ್ದು, ಹೈ ವೋಲ್ಟೇಜ್ ಭಾಗದಲ್ಲಿ ಕೆಲಸ ನಡೆದಿದ್ದು, ಕಾರು ‘ರೆಡಿ’ ಆಗದೆ ಸ್ಕ್ಯಾನರಿನಲ್ಲಿ ಪಿ0ಎ0ಡಿ (P0A0D) ಎಂಬ ದೋಷದ ಕೋಡ್ ಕೊಟ್ಟರೆ, ಮುಕ್ಕಾಲು ಪಾಲು ಉತ್ತರ ಸಿಕ್ಕಂತೆಯೇ. ಅದು ಇಂಟರ್‌ಲಾಕ್ ಸರ್ಕ್ಯೂಟ್ ತೆರೆದಿದೆ ಎಂಬ ಸೂಚನೆ. ಹೈ ವೋಲ್ಟೇಜ್ ಪೆಟ್ಟಿಗೆಗಳ ಮುಚ್ಚಳ ಮತ್ತು ಕನೆಕ್ಟರುಗಳ ಮೂಲಕ ಒಂದು ತೆಳು ವೈರು ಹಾದುಹೋಗಿ, ಎಲ್ಲವೂ ಮುಚ್ಚಿವೆಯೆಂದು ಕಂಪ್ಯೂಟರಿಗೆ ವರದಿ ಮಾಡುತ್ತದೆ. ಒಂದು ಕಡೆ ಕಡಿದರೂ ಮುಖ್ಯ ರಿಲೇಗಳು ಮುಚ್ಚುವುದಿಲ್ಲ. ಅದು ದೋಷವಲ್ಲ, ಪ್ರಾಣ ಉಳಿಸುವ ಏರ್ಪಾಡು. ಆದ್ದರಿಂದ ಅದನ್ನು ವೈರು ಸುತ್ತಿ ಮೋಸಗೊಳಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಸರ್ವೀಸ್ ಪ್ಲಗ್ಗಿನ ಹಿಡಿಯನ್ನು ಕೂರಿಸುವುದು ಮೂರು ಹೆಜ್ಜೆಯ ಕೆಲಸ: ಮೊದಲು ಒಳಕ್ಕೆ ತಳ್ಳಬೇಕು, ಅನಂತರ ಹಿಡಿಯನ್ನು ಮೇಲಕ್ಕೆ ಮಡಚಬೇಕು, ಕೊನೆಗೆ ಕೆಳಕ್ಕೆ ಸರಿಸಿ ‘ಟಕ್’ ಎಂದು ಬೀಗ ಹಾಕಬೇಕು. ಎರಡನೇ ಹೆಜ್ಜೆಯಲ್ಲೇ ಪ್ಲಗ್ ಪೂರ್ತಿ ಕೂತಂತೆ ಕಾಣುವುದರಿಂದ ಮೂರನೆಯದನ್ನು ಮರೆಯುವವರು ಬಹಳ. ಇಂಟರ್‌ಲಾಕಿನ ಚಿಕ್ಕ ಸ್ವಿಚ್ ಮುಚ್ಚುವುದು ಆ ಮೂರನೇ ಹೆಜ್ಜೆಯಲ್ಲಿ. ಕೆಲಸ ಮಾಡಿದವರನ್ನೇ ಕರೆದು, ಕೈಗವಸು ಹಾಕಿಕೊಂಡು ಹಿಡಿಯನ್ನು ಮತ್ತೊಮ್ಮೆ ತೆಗೆದು ಕೂರಿಸಲು ಹೇಳಿ. ಅದರಿಂದಲೂ ಕೋಡ್ ಹೋಗದಿದ್ದರೆ ಇನ್ವರ್ಟರಿನ ಮುಚ್ಚಳ, ಬ್ಯಾಟರಿಯ ಹೊರಕವಚ, ಕಿತ್ತಳೆ ಕನೆಕ್ಟರುಗಳು ಈ ಕ್ರಮದಲ್ಲಿ ಅವರೇ ನೋಡಲಿ.

ಕೋಡ್ ಓದುವಾಗ ಆತುರ ಬೇಡ

ಕಾರಿನ ಕೋಡ್ ಓದಲೆಂದು ಇರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲಿನ ಸಾಮಾನ್ಯ ಆ್ಯಪ್ ಅನೇಕ ಬಾರಿ ಎಂಜಿನ್ ಕಂಪ್ಯೂಟರನ್ನಷ್ಟೇ ಮಾತನಾಡಿಸುತ್ತವೆ. ಹೈಬ್ರಿಡ್, ಬ್ಯಾಟರಿ, ಬ್ರೇಕ್, ಏರ್‌ಬ್ಯಾಗ್ ಇವುಗಳಿಗೆ ಬೇರೆ ಬೇರೆ ಕಂಪ್ಯೂಟರುಗಳಿರುವುದರಿಂದ ಎಲ್ಲವನ್ನೂ ಓದಬಲ್ಲ ಸ್ಕ್ಯಾನರ್ ಬೇಕು. ಟೊಯೋಟಾಗೆ ಟೆಕ್‌ಸ್ಟ್ರೀಮ್ ಎಂಬ ತಂತ್ರಾಂಶವಿದೆ. ಓದಿದ್ದನ್ನು ಪೂರ್ತಿ ಬರೆದುಕೊಳ್ಳುವವರೆಗೆ ಅಥವಾ ಫೋಟೋ ತೆಗೆಯುವವರೆಗೆ ಅಳಿಸಬಾರದು. ‘ಮೊದಲು ಅಳಿಸಿ ನೋಡೋಣ, ಮತ್ತೆ ಬಂದರೆ ನೋಡಿಕೊಳ್ಳೋಣ’ ಎಂಬುದು ಗ್ಯಾರೇಜುಗಳ ರೂಢಿ. ಅಳಿಸಿದರೆ ಕೋಡಿನ ಜೊತೆಗೆ ಆ ಕ್ಷಣದ ವೇಗ, ವೋಲ್ಟೇಜ್, ತಾಪಮಾನಗಳ ದಾಖಲೆಯೂ ಹೋಗುತ್ತದೆ. ದೋಷ ಹುಡುಕುವವರಿಗೆ ಇರುವ ಏಕೈಕ ಸಾಕ್ಷಿ ಆ ದಾಖಲೆಯೇ.

ಟೊಯೋಟಾ ಹೈಬ್ರಿಡ್ ಕೋಡುಗಳ ಒಳಗೆ ಮೂರಂಕಿಯ ಉಪಕೋಡ್ ಒಂದು ಅಡಗಿರುತ್ತದೆ. ಸಾಮಾನ್ಯ ಸ್ಕ್ಯಾನರಿಗೆ ಅದು ಕಾಣುವುದಿಲ್ಲ. ಹೈ ವೋಲ್ಟೇಜ್ ಎಲ್ಲೋ ಬಾಡಿಗೆ ಸೋರುತ್ತಿದೆ ಎನ್ನುವ ಪಿ0ಎಎ6 ಕೋಡನ್ನೇ ತೆಗೆದುಕೊಳ್ಳಿ. ಅದರ ಉಪಕೋಡ್ 526 ಆಗಿದ್ದರೆ ಸೋರಿಕೆ ಇದೆ ಎಂದಷ್ಟೇ ಅರ್ಥ. 611 ಆಗಿದ್ದರೆ ಎ.ಸಿ. ಕಡೆ, 612 ಆಗಿದ್ದರೆ ಬ್ಯಾಟರಿ ಕಡೆ, 613 ಆಗಿದ್ದರೆ ಗೇರ್‌ಬಾಕ್ಸ್ ಮತ್ತು ಮೋಟಾರಿನ ಕಡೆ, 614 ಆಗಿದ್ದರೆ ಇನ್ವರ್ಟರಿಗೆ ಬರುವ ನೇರ ವಿದ್ಯುತ್ತಿನ ಮಾರ್ಗದ ಕಡೆ ಎಂದು ದಾರಿ ಸ್ಪಷ್ಟವಾಗುತ್ತದೆ. ಇಷ್ಟು ನಿಖರವಾಗಿ ಕಾರೇ ಹೇಳುತ್ತಿರುವಾಗ ಅದನ್ನು ಕೇಳಿಸಿಕೊಳ್ಳದೆ ಬ್ಯಾಟರಿ ಇಳಿಸುವುದು ವ್ಯರ್ಥ ಶ್ರಮ.

‘ಯು’ ಅಕ್ಷರದಿಂದ ಶುರುವಾಗುವ ಕೋಡುಗಳು ಒಂದು ಕಂಪ್ಯೂಟರಿಗೆ ಇನ್ನೊಂದರ ದನಿ ಕೇಳಿಸುತ್ತಿಲ್ಲ ಎಂಬ ದೂರು. ಹತ್ತು ಕಂಪ್ಯೂಟರುಗಳು ಒಂದನ್ನೇ ಕುರಿತು ದೂರಿದರೆ ಆ ಒಂದರ ಫ್ಯೂಸ್, ಅರ್ಥ್, ಕನೆಕ್ಟರ್ ನೋಡಬೇಕು. ಎಲ್ಲವೂ ಎಲ್ಲವನ್ನೂ ದೂರಿದರೆ ಜಾಲವೇ ಕೆಟ್ಟಿದೆ. ಆಗ ಬ್ಯಾಟರಿ ವೈರು ಬಿಚ್ಚಿ, ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವಿನ ರೋಧವನ್ನು ಅಳೆಯಿರಿ. ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್ ಇರುವುದರಿಂದ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಎಲ್ಲೋ ಒಂದಕ್ಕೊಂದು ತಾಗಿವೆ. ಬಂಪರಿನ ಅಥವಾ ಡ್ಯಾಶ್‌ಬೋರ್ಡಿನ ಸ್ಕ್ರೂ ವೈರಿನ ಕಟ್ಟಿನೊಳಕ್ಕೆ ಇಳಿದಿರುವ ಸಾಧ್ಯತೆಯನ್ನು ಮೊದಲು ನೋಡಿ.

ಯಾವ ದುರಸ್ತಿಗೆ ಯಾವ ಅನುಮಾನ

ಎ.ಸಿ. ಕೆಲಸದ ಮೇಲೆ ಪಿ0ಎಎ6 ಬಂದರೆ ಅನುಮಾನ ನೇರವಾಗಿ ಎಣ್ಣೆಯ ಮೇಲೆ. ಹೈಬ್ರಿಡ್ ಕಾರಿನ ಎ.ಸಿ. ಕಂಪ್ರೆಸರ್ ಬೆಲ್ಟಿನಿಂದ ಓಡುವುದಿಲ್ಲ. ಅದರೊಳಗೇ ಹೈ ವೋಲ್ಟೇಜ್ ಮೋಟಾರ್ ಇದೆ, ಆ ಮೋಟಾರಿನ ಸುರುಳಿಗಳು ಗ್ಯಾಸ್ ಮತ್ತು ಎಣ್ಣೆಯಲ್ಲಿ ಮುಳುಗಿರುತ್ತವೆ. ಆದ್ದರಿಂದ ವಿದ್ಯುತ್ತನ್ನು ಹರಿಯಗೊಡದ ಎಸ್ಟರ್ ಜಾತಿಯ ಎಣ್ಣೆಯನ್ನೇ, ಟೊಯೋಟಾದಲ್ಲಿ ಎನ್‌ಡಿ ಆಯಿಲ್ 11 ಎಂಬುದನ್ನೇ, ಬಳಸಬೇಕು. ಬೀದಿಬದಿಯ ಎ.ಸಿ. ಅಂಗಡಿಯ ಯಂತ್ರದಲ್ಲಿ ಸಾಮಾನ್ಯ ಕಾರುಗಳ ಪಿಎಜಿ ಎಣ್ಣೆ ಇರುತ್ತದೆ. ಹಿಂದಿನ ಕಾರಿನದು ಕೊಳವೆಯಲ್ಲಿ ಸ್ವಲ್ಪ ಉಳಿದಿದ್ದರೂ ಅದು ಬಂದು ಸೇರಿ ನಿರೋಧನೆಯನ್ನು ಕುಗ್ಗಿಸುತ್ತದೆ. ಕೂಡಲೇ ಕಾಣದೆ ಕೆಲವು ದಿನ ಕಳೆದು ದೋಷ ಕಾಣಿಸಿಕೊಂಡಾಗ ಎ.ಸಿ. ಗ್ಯಾಸಿಗೂ ಕಾರು ನಿಂತುದಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಉಪಕೋಡ್ 611 ಇದ್ದರೆ ಆ ಅನುಮಾನ ಬಲವಾಗುತ್ತದೆ. ಬರಿಯ ಗ್ಯಾಸ್ ಬದಲಿಸಿದರೆ ಇದು ಹೋಗುವುದಿಲ್ಲ. ಎಣ್ಣೆ ಎಷ್ಟು ಬೆರೆತಿದೆ ಎಂಬುದರ ಮೇಲೆ ಕಂಪ್ರೆಸರ್ ಸಹಿತ ಬದಲಿಸಬೇಕಾದ ಪ್ರಸಂಗವೂ ಬರುತ್ತದೆ. ಎ.ಸಿ. ಕೆಲಸಕ್ಕೆ ಬಿಡುವ ಮೊದಲೇ ಯಾವ ಎಣ್ಣೆ ಎಂದು ಕೇಳುವ ಒಂದು ಪ್ರಶ್ನೆ ಎಷ್ಟೋ ಹಣ ಉಳಿಸುತ್ತದೆ.

ದೊಡ್ಡ ಬ್ಯಾಟರಿಯ ಒಂದೆರಡು ಮಾಡ್ಯೂಲ್ ಬದಲಿಸಿದ ಮೇಲೆ ಬರುವ ದೋಷಗಳು ಇನ್ನೊಂದು ಬಗೆಯವು. ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಅದನ್ನು ಉಜ್ಜದೆ ಹಾಗೆಯೇ ಬಿಗಿದರೆ, ಆ ಜೋಡಣೆಯಲ್ಲಿ ರೋಧ ಉಳಿದು, ಮಾಡ್ಯೂಲ್ ಚೆನ್ನಾಗಿದ್ದರೂ ಬ್ಯಾಟರಿ ಕಂಪ್ಯೂಟರಿಗೆ ಅದು ದುರ್ಬಲವೆಂದು ಕಾಣುತ್ತದೆ. ನಟ್ಟುಗಳನ್ನು ಬಿಗಿಯುವ ಮಟ್ಟ 5.4 ನ್ಯೂಟನ್ ಮೀಟರ್ ಮಾತ್ರ. ಕೈಯಳತೆಗೆ ಬಿಗಿದವರು ಒಂದೋ ಸಡಿಲ ಬಿಡುತ್ತಾರೆ, ಇಲ್ಲವೆ ಮಾಡ್ಯೂಲಿನ ಪ್ಲಾಸ್ಟಿಕ್ಕಿನೊಳಗೆ ಕೂತ ಬೋಲ್ಟನ್ನೇ ತಿರುಚುತ್ತಾರೆ. ಎರಡೆರಡು ಮಾಡ್ಯೂಲುಗಳಿಗೆ ಒಂದರಂತೆ 14 ಬ್ಲಾಕುಗಳ ವೋಲ್ಟೇಜನ್ನು ಅಳೆಯುವ ತೆಳು ವೈರುಗಳಲ್ಲಿ ಒಂದು ಕಡಿದಿದ್ದರೆ ಪಿ3030, ಒಂದು ಬ್ಲಾಕ್ ಮಾತ್ರ ದುರ್ಬಲವಾಗಿ ಕಂಡರೆ ಪಿ3011ರಿಂದ ಪಿ3024ರವರೆಗಿನ ಒಂದು ಕೋಡ್ ಬರುತ್ತದೆ. ‘ಬ್ಯಾಟರಿ ಪ್ಯಾಕ್ ಬದಲಿಸಿ’ ಎಂಬ ಪಿ0ಎ80 ಬಂದಾಗಲೂ, ಕೈಯಾಡಿಸಿದ ಬ್ಲಾಕುಗಳ ಕಡೆಗೇ ಅದು ಬೊಟ್ಟು ಮಾಡುತ್ತಿದೆಯೇ ಎಂದು ನೋಡಿಕೊಂಡು ಆಮೇಲೆ ಒಪ್ಪಬೇಕು. ದೊಡ್ಡ ಬ್ಯಾಟರಿಯನ್ನು ತಣಿಸಲು ಹಿಂದಿನ ಸೀಟಿನ ಪಕ್ಕದಿಂದ ಗಾಳಿ ಎಳೆಯುವ ಫ್ಯಾನಿನ ಕನೆಕ್ಟರನ್ನೂ ಕೊಳವೆಯನ್ನೂ ಮತ್ತೆ ಸೇರಿಸಿದ್ದಾರೆಯೇ ನೋಡಿ. ಇದು ಮರೆತರೆ ತಣ್ಣಗಿರುವಾಗ ಎಲ್ಲವೂ ಸರಿಯಿದ್ದು, ಮಧ್ಯಾಹ್ನದ ಬಿಸಿಲಿನ ಓಡಾಟದಲ್ಲಿ ದೀಪ ಹೊತ್ತುತ್ತದೆ.

ಕೂಲಂಟ್ ಬದಲಿಸಿದ ಮೇಲೆ ಪಿ0ಎ93 ಬಂದರೆ ಇನ್ವರ್ಟರ್ ಬಿಸಿಯಾಗಿದೆ. ಎಂಜಿನ್ನಿನ ಕೂಲಂಟಿಗೂ ಇನ್ವರ್ಟರಿನ ಕೂಲಂಟಿಗೂ ಸಂಬಂಧವಿಲ್ಲ. ಇನ್ವರ್ಟರಿಗೆ ತನ್ನದೇ ತೊಟ್ಟಿ, ತನ್ನದೇ ವಿದ್ಯುತ್ ಪಂಪ್ ಇವೆ. ‘ರೆಡಿ’ ಇದ್ದಾಗ ಆ ತೊಟ್ಟಿಯ ಮುಚ್ಚಳ ತೆಗೆದು ನೋಡಿದರೆ ನೀರು ಸುಳಿಯುತ್ತಿರುವುದು ಕಾಣಬೇಕು. ನಿಂತ ನೀರಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೆ ಪಂಪಿನ ಕನೆಕ್ಟರ್ ಹಾಕಿಲ್ಲ, ಇಲ್ಲವೆ ಪಂಪೇ ಸತ್ತಿದೆ. ಈ ಪಂಪು ಮೊದಲಿನಿಂದಲೂ ಅನುಮಾನದ ಮನುಷ್ಯ: 2012ರ ನವೆಂಬರಿನಲ್ಲಿ ಟೊಯೋಟಾ ಎರಡನೇ ಪೀಳಿಗೆಯ ಪ್ರಿಯಸ್‌ಗಳನ್ನು ವಾಪಸು ಕರೆದ ಕಾರಣಗಳಲ್ಲಿ ಇದೂ ಒಂದು. ಹಾಗೆಯೇ 2014ರ ಫೆಬ್ರುವರಿಯಲ್ಲಿ ಸುಮಾರು 19 ಲಕ್ಷ ಮೂರನೇ ಪೀಳಿಗೆಯ ಕಾರುಗಳನ್ನು ಇನ್ವರ್ಟರಿನ ಟ್ರಾನ್ಸಿಸ್ಟರುಗಳು ಬಿಸಿಯಾಗುವ ದೋಷಕ್ಕೆ ತಂತ್ರಾಂಶ ಬದಲಿಸಲೆಂದು ಕರೆಸಿಕೊಂಡಿತ್ತು. ಆದ್ದರಿಂದ ನ್ಯಾಯವಾಗಿ ಹೇಳುವುದಾದರೆ, ದುರಸ್ತಿಯ ಮರುದಿನ ಕೆಟ್ಟದ್ದೆಲ್ಲ ದುರಸ್ತಿ ಮಾಡಿದವರ ತಪ್ಪಲ್ಲ. ಹಳೆಯ ಕಾರು ಕೊಂಡವರು ಚಾಸಿಸ್ ಸಂಖ್ಯೆ ಕೊಟ್ಟು, ಅಂಥ ಬಾಕಿ ಕೆಲಸ ಉಳಿದಿದೆಯೇ ಎಂದು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಬೇಕು.

ಬ್ರೇಕ್ ಕೆಲಸದ ಮೇಲೆ ದೀಪ ಹೊತ್ತಿದರೆ ಕಾರನ್ನು ರಸ್ತೆಗಿಳಿಸಲೇಬೇಡಿ. ಪ್ರಿಯಸ್‌ನ ಬ್ರೇಕ್ ಪಂಪು ಬಾಗಿಲು ತೆರೆದರೂ ಸಾಕು, ತಾನಾಗಿ ಎಚ್ಚರಗೊಂಡು ಒತ್ತಡ ತುಂಬಿಕೊಳ್ಳುತ್ತದೆ; ಪ್ಯಾಡ್ ಬದಲಿಸುವಾಗ ಅದನ್ನು ಮಲಗಿಸದಿದ್ದರೆ ಕೋಡುಗಳು ಬರುತ್ತವೆ. ಬ್ರೇಕ್ ಕವಾಟಗಳ ಸ್ಥಿತಿಯನ್ನು ಕಂಪ್ಯೂಟರ್ ಇನ್ನೂ ಕಲಿತು ಮುಗಿಸಿಲ್ಲ ಎನ್ನುವ ಸಿ1345 ಬಂದಿದ್ದರೆ ಯಾವ ವೈರೂ ಕೆಟ್ಟಿಲ್ಲ. ಸ್ಕ್ಯಾನರಿನಿಂದ ಆ ಕಲಿಕೆಯನ್ನು ಮತ್ತೆ ನಡೆಸಬೇಕು, ಅಷ್ಟೆ.

ಟಿಂಕರಿಂಗ್ ಮತ್ತು ಪೇಂಟಿಂಗ್ ಆದ ಕಾರಿನಲ್ಲಿ ಮೊದಲು ಅರ್ಥ್ ನೋಡಬೇಕು. ಬಾಡಿಗೆ ವೈರು ಬಿಗಿಯುವ ಜಾಗದ ಮೇಲೆ ಬಣ್ಣ ಬಿದ್ದಿದ್ದರೆ ಬೋಲ್ಟ್ ಎಷ್ಟು ಬಿಗಿಯಾಗಿದ್ದರೂ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ. ಇದನ್ನು ಓಮ್ ಅಳತೆಯಿಂದ ಹಿಡಿಯುವುದು ಕಷ್ಟ, ವೋಲ್ಟ್ ಅಳತೆಯಿಂದ ಸುಲಭ: ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್, ಫ್ಯಾನ್ ಎಲ್ಲವನ್ನೂ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವದ ಮೇಲೂ ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿನ ಮೇಲೂ ಇಡಿ. 0.1 ವೋಲ್ಟ್ ಒಳಗಿದ್ದರೆ ಸರಿ, 0.2 ದಾಟಿದರೆ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬೇಕು. ಅಪಘಾತವಾದ ಕಾರಾಗಿದ್ದರೆ ಏರ್‌ಬ್ಯಾಗ್ ಕಂಪ್ಯೂಟರಿನ ಕೋಡುಗಳನ್ನೂ ಓದಿಸಿ; ಡಿಕ್ಕಿಯಾದಾಗ ಹೈ ವೋಲ್ಟೇಜನ್ನು ಕಡಿಯಲು ಹೇಳುವುದು ಅದೇ.

ಬಂದುಹೋಗುವ ದೋಷ

ಎರಡು ದಿನಕ್ಕೊಮ್ಮೆ ಚಿಕ್ಕ ಬ್ಯಾಟರಿ ಇಳಿಯುತ್ತಿದ್ದರೆ, ಋಣ ಧ್ರುವ ಮತ್ತು ಅದರ ವೈರಿನ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಸೇರಿಸಿ, ಬಾಗಿಲು ಮುಚ್ಚಿ, ಕೀಲಿಯನ್ನು ಮನೆಯೊಳಗೆ ದೂರವಿಟ್ಟು ಮುಕ್ಕಾಲು ಗಂಟೆ ಕಾಯಿರಿ. ಕಂಪ್ಯೂಟರುಗಳು ಮಲಗಿದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ತೋರಿಸಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಇಳಿಯುತ್ತದೆಂದು ನೋಡಿ. ದುರಸ್ತಿಯ ಜೊತೆಗೇ ಹಾಕಿಸಿದ ಡ್ಯಾಶ್ ಕ್ಯಾಮೆರಾ ಅಥವಾ ಹೊಸ ಸ್ಟೀರಿಯೋ ಇದ್ದರೆ ಅದರಿಂದಲೇ ಆರಂಭಿಸಿ. ಕೀಲಿ ಕಾರಿನ ಹತ್ತಿರವಿದ್ದರೆ ಕಾರು ಅದನ್ನು ಹುಡುಕುತ್ತಾ ಎಚ್ಚರವಾಗಿಯೇ ಇರಬಹುದು, ಅಳತೆಯೂ ಸುಳ್ಳಾಗುತ್ತದೆ.

ಕಾರು ‘ರೆಡಿ’ ಆದರೂ ರಸ್ತೆಯ ಹಳ್ಳಕೊಳ್ಳಗಳಲ್ಲಿ ಓಡುವಾಗ ಮಾತ್ರ ದೀಪ ಹೊತ್ತುವುದಾದರೆ, ಸ್ಕ್ಯಾನರನ್ನು ನೋಡಲು ಒಬ್ಬರನ್ನು ಕೂರಿಸಿ, ಬಿಚ್ಚಿ ಹಾಕಿದ್ದ 12 ವೋಲ್ಟ್ ಕನೆಕ್ಟರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ. ಕನೆಕ್ಟರಿನೊಳಗೆ ಹಿಂದಕ್ಕೆ ಜಾರಿದ ಪಿನ್ನು ಹೊರಗಿನಿಂದ ಕಾಣುವುದಿಲ್ಲ; ಬಿಚ್ಚಿ, ಟಾರ್ಚ್ ಹಾಕಿ, ಎಲ್ಲ ಪಿನ್ನುಗಳ ತುದಿ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಬೇಕು.

ಪಿ0ಎಎ6 ಉಳಿದುಕೊಂಡಿದ್ದರೆ, ಸುಟ್ಟ ವಾಸನೆ ಬಂದರೆ, ಕಿತ್ತಳೆ ವೈರಿನ ಸಿಪ್ಪೆ ತರಚಿದ್ದು ಕಂಡರೆ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿ. ನಿರೋಧನೆಯನ್ನು ಸಾಮಾನ್ಯ ಮಲ್ಟಿಮೀಟರ್ ಅಳೆಯಲಾರದು, ಅದಕ್ಕೆ 500 ವೋಲ್ಟ್ ಹಾಕಿ ಅಳೆಯುವ ಮೆಗ್ಗರ್ ಎಂಬ ಉಪಕರಣ ಬೇಕು, ಅದನ್ನು ಯಾವ ಪಿನ್ನಿಗೆ ಹಚ್ಚಬಾರದೆಂದು ಬಲ್ಲವರೂ ಬೇಕು. ಕಾರನ್ನು ಸಾಗಿಸುವಾಗ ನಾಲ್ಕೂ ಚಕ್ರ ಮೇಲಿರುವಂತೆ ಫ್ಲಾಟ್‌ಬೆಡ್ ಲಾರಿಯಲ್ಲೇ ಒಯ್ಯಿಸಿ. ಪ್ರಿಯಸ್‌ನ ಮುಂದಿನ ಚಕ್ರಗಳು ಮೋಟಾರಿಗೆ ನೇರವಾಗಿ ಸೇರಿರುವುದರಿಂದ, ಹಗ್ಗ ಕಟ್ಟಿ ಎಳೆದರೆ ಆಫ್ ಆಗಿರುವ ಕಾರಿನಲ್ಲೂ ಆ ಮೋಟಾರ್ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ. ಕೊಡುವ ಮುನ್ನ ನೀವು ಬರೆದಿಟ್ಟ ಕೋಡುಗಳು, ಉಪಕೋಡುಗಳು, ವೋಲ್ಟೇಜುಗಳು, ಬಿಚ್ಚಿದ ಭಾಗಗಳ ಪಟ್ಟಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೀಲಿಯ ಜೊತೆಗೆ ಕೊಡಿ. ವಾಪಸು ಪಡೆಯುವಾಗ ಅದೇ ಹಾಳೆಯ ಹಿಂದೆ ಯಾವ ಜೋಡಣೆ ಸರಿಪಡಿಸಿದರು, ಯಾವ ಎಣ್ಣೆ ಹಾಕಿದರು, ‘ರೆಡಿ’ಯಲ್ಲಿ ಎಷ್ಟು ವೋಲ್ಟ್ ಬಂತು ಎಂಬುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ.